ಹೊಸದಾಗಿ ಲಿಸ್ಟ್ ಆಗಿರೋ ಕರೆಂಟ್ ಕಂಪನಿ, ಡಿವಿಡೆಂಡ್ ಯೀಲ್ಡ್ 11.6% ತೋರಿಸ್ತೈತೆ, ಅಪ್ಪಾಜಿ ದುಡ್ಡು ಹಾಕಬೋದಾ?

ಮಂಡಕ್ಕಿ_ಮಿರ್ಚಿ, ದಾವಣಗೆರೆ

ನಮಸ್ಕಾರ್ರಿ ಎಲ್ಲಾರ್ಗೂ. ನಮ್ಮ ಅಪ್ಪಾಜಿ ಮೇಷ್ಟ್ರು ಕೆಲ್ಸದಿಂದ ರಿಟೈರ್ ಆದ್ರು, 60 ತುಂಬೈತೆ. ಬಂದ ದುಡ್ಡಲ್ಲಿ ತಂಗಿ ಮದ್ವೆ ಸಾಲ ತೀರ್ಸಿ ಮನೆ ತಾರಸಿ ರಿಪೇರಿ ಮಾಡ್ಸಿ ಕೊನೇಗೆ 6 ಲಕ್ಷ ಉಳ್ಕೊಂಡೈತೆ. ಬ್ಯಾಂಕಲ್ಲಿ ಎಫ್‌ಡಿ ಇಟ್ರೆ ಆರೂವರೆ ಏಳು ಅಂತಾರೆ, ನಾನು ಆಪ್‌ನಲ್ಲಿ ಹಂಗೇ ಹುಡುಕ್ತಾ ಇದ್ದಾಗ ಒಂದು ವಿದ್ಯುತ್ ಕಂಪನಿ ಸಿಕ್ತು, ಷೇರು ಪೇಟೇಲಿ ಲಿಸ್ಟ್ ಆಗಿ ಐದು ತಿಂಗ್ಳಾಗೈತೆ ಅಷ್ಟೆ, ರೇಟು 212, ಡಿವಿಡೆಂಡ್ ಯೀಲ್ಡ್ (ಷೇರಿನ ರೇಟಿಗೆ ಕಂಪನಿ ಹಂಚೋ ಲಾಭ ಎಷ್ಟು ಪರ್ಸೆಂಟ್ ಅಂತ) 11.6% ಅಂತ ಹಸಿರು ಅಕ್ಷರದಲ್ಲಿ ಬರ್ತೈತೆ. ಹೆಸರು ಇಲ್ಲಿ ಹಾಕಲ್ಲ, ಟಿಪ್ಸ್ ಕೊಡ್ತಾನೆ ಅಂತ ಬೈಸ್ಕೊಳ್ಳೋದು ಬೇಡ.

ನನ್ನ ಲೆಕ್ಕ ಹಿಂಗೈತೆ ನೋಡ್ರಿ. 6 ಲಕ್ಷಕ್ಕೆ 2830 ಷೇರು ಬರ್ತಾವೆ, ಒಂದಕ್ಕೆ 24.60 ರೂಪಾಯಿ ಡಿವಿಡೆಂಡ್ ಅಂದ್ರೆ ವರ್ಷಕ್ಕೆ 69 ಸಾವಿರ ಚಿಲ್ರೆ. ಕರೆಂಟ್ ಇಲ್ದೆ ಯಾರ್ ಮನೆ ನಡೀತೈತೆ ಹೇಳ್ರಿ, ಬೀಳೋ ಧಂದೆ ಅಲ್ಲ ಅಲಾ? ಅಪ್ಪಾಜಿ ಮಾತ್ರ "ನೋಡಪ್ಪ ನಿಂಗೆ ಬಿಟ್ಟಿದ್ದು" ಅಂದ್ರು, ಅವ್ರು ಹಂಗಂದ್ರೆ ಇಷ್ಟ ಇಲ್ಲ ಅಂತ ಅರ್ಥ.

ಶೇಂಗಾ_ಸಿಟಿ, ಚಳ್ಳಕೆರೆ

ಹಸಿರು ಅಕ್ಷರದಲ್ಲಿ ಬಂತು ಅಂದ್ಮೇಲೆ ಮುಗೀತು ಬಿಡಣ್ಣ, ಹಾಕು 😀

ಪಿಬಿ_ರೋಡ್_ಲೆಕ್ಕಿಗ, ದಾವಣಗೆರೆ

ಹಾಕೋ ಮುಂಚೆ ಒಂದು ಕೆಲಸ ಮಾಡಿ. ಆಪ್ ಬಿಟ್ಟು ಎನ್‌ಎಸ್‌ಇ ಇಲ್ಲ ಬಿಎಸ್‌ಇ ವೆಬ್‌ಸೈಟ್‌ಗೆ ಹೋಗಿ, ಆ ಕಂಪನಿ ಹೆಸರು ಹೊಡೆದು ಅನೌನ್ಸ್‌ಮೆಂಟ್ಸ್ ತೆಗೀರಿ. ಈ 24.60 ಒಂದೇ ಸಲ ಬಂದಿದ್ದಾ, ಎರಡು ಮೂರು ಸಲ ಸೇರಿ ಬಂದಿದ್ದಾ, ಪ್ರತಿಯೊಂದರ ಮುಂದೆ ಇಂಟರಿಮ್ (ವರ್ಷದ ಮಧ್ಯೆ ಕೊಟ್ಟಿದ್ದು), ಫೈನಲ್ (ವರ್ಷ ಮುಗಿದ ಮೇಲೆ), ಸ್ಪೆಷಲ್ (ಯಾವುದೋ ಕಾರಣಕ್ಕೆ ಒಂದು ಸಲ) ಇದರಲ್ಲಿ ಯಾವ ಪದ ಬರೆದಿದ್ದಾರೆ ಅಂತ ನೋಡ್ಕೊಂಡು ಬಂದು ಇಲ್ಲಿ ಹಾಕಿ. ಆಮೇಲೆ ಮಾತಾಡೋಣ.

ಯಾಕೆ ಹೇಳ್ತಿದೀನಿ ಅಂದ್ರೆ ಯೀಲ್ಡ್ ಅನ್ನೋದು ಬರೀ ಒಂದು ಭಾಗಾಕಾರ. ಹಿಂದಿನ 12 ತಿಂಗಳಲ್ಲಿ ಏನು ಕೊಟ್ಟಿದ್ದಾರೋ ಅದನ್ನ ಇವತ್ತಿನ ರೇಟಿಂದ ಭಾಗಿಸಿ ಆಪ್ ತೋರಿಸುತ್ತೆ, ಮುಂದಿನ ವರ್ಷ ಕೊಡ್ತಾರೋ ಇಲ್ವೋ ಅದಕ್ಕೆ ಗೊತ್ತಿಲ್ಲ. ಹತ್ತು ಹದಿನೈದು ವರ್ಷದಿಂದ ಲಿಸ್ಟ್ ಆಗಿರೋ ಕಂಪನಿ ಆದ್ರೆ ಹಿಂದೆ ತಿರುಗಿ ನೋಡಿ ಒಂದು ಅಂದಾಜು ಕಟ್ಟಬಹುದು. ಐದು ತಿಂಗಳ ಕೂಸಿಗೆ ಜಾತಕ ಬಿಟ್ರೆ ಇತಿಹಾಸ ಎಲ್ಲಿಂದ ತರೋದು.

ಮಂಡಕ್ಕಿ_ಮಿರ್ಚಿ, ದಾವಣಗೆರೆ

ಅಣ್ಣ ನೋಡ್ದೆ. ಎರಡು ಸಲ ಐತೆ. ಒಂದು ಫೈನಲ್ ಡಿವಿಡೆಂಡ್ 6.60, ಹೋದ ವರ್ಷದ್ದು. ಇನ್ನೊಂದು "ಸ್ಪೆಷಲ್ ಇಂಟರಿಮ್" ಅಂತ 18 ರೂಪಾಯಿ. ಅದ್ರ ಪಿಡಿಎಫ್‌ನಲ್ಲಿ ಏನೋ ಒಂದು ರಾಜ್ಯದ ವಿದ್ಯುತ್ ಸರಬರಾಜು ಕಂಪನಿಯಿಂದ ಹಳೇ ಬಾಕಿ ಬಡ್ಡಿ ಸಮೇತ ಬಂತು, ಅದನ್ನ ಷೇರುದಾರ್ರಿಗೆ ಹಂಚ್ತಿದೀವಿ ಅಂತ ಬರ್ದಾರೆ. ಒಳ್ಳೇದೇ ಅಲ್ವಾ ಇದು? ಬಾಕಿ ವಸೂಲಾಗೈತೆ ಅಂದ್ರೆ ಕಂಪನಿ ಗಟ್ಟಿ ಅಂತಾನೇ ಅಲ್ವಾ?

ಪಿಬಿ_ರೋಡ್_ಲೆಕ್ಕಿಗ, ದಾವಣಗೆರೆ

ಬಾಕಿ ವಸೂಲಾಗಿದ್ದು ಒಳ್ಳೇದೇ, ಅದರ ಬಗ್ಗೆ ತಕರಾರಿಲ್ಲ. ಆದ್ರೆ ಹಳೇ ಬಾಕಿ ಒಂದೇ ಸಲ ತಾನೇ ವಸೂಲಾಗೋದು? ನಿಮ್ಮ ಅಂಗಡೀಲಿ ಯಾರೋ ಕಂಟ್ರಾಕ್ಟರ್ ಮೂರು ವರ್ಷದ ಸಾಲ ಈ ದೀಪಾವಳಿಗೆ ತಂದು ಕಟ್ಟಿದ ಅಂತಿಟ್ಕೊಳ್ಳಿ, ಆ ತಿಂಗಳ ಗಲ್ಲಾ ನೋಡಿ ಯಾರಾದ್ರೂ ನಿಮ್ಮ ಅಂಗಡಿಗೆ ರೇಟು ಕಟ್ಟಿದ್ರೆ ನೀವು ಒಳಗೊಳಗೇ ನಗ್ತೀರಾ ಇಲ್ವಾ?

2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಲೇಟ್ ಪೇಮೆಂಟ್ ಸರ್‌ಚಾರ್ಜ್ ರೂಲ್ಸ್ ತಂತು. ಅದರಲ್ಲಿ ಎಸ್ಕಾಂಗಳು ಉಳಿಸ್ಕೊಂಡಿದ್ದ ಹಳೇ ಬಾಕಿನ ಹೆಚ್ಚಂದ್ರೆ 48 ತಿಂಗಳ ಕಂತು ಮಾಡಿ ತೀರಿಸಬೇಕು, ಕಟ್ಟಲಿಲ್ಲ ಅಂದ್ರೆ ಹೊರಗಿಂದ ವಿದ್ಯುತ್ ತರಿಸ್ಕೊಳ್ಳೋಕೆ ತಡೆ ಬೀಳುತ್ತೆ. ಅದರಿಂದ ಉತ್ಪಾದನೆ ಕಂಪನಿಗಳಿಗೆ ತುಂಬಾ ದುಡ್ಡು ವಾಪಸ್ ಬಂತು. ನಿಮ್ಮ ಕಂಪನಿದೂ ಅದೇ ಕಂತೋ ಬೇರೆ ಕೇಸೋ ನಂಗೆ ಗೊತ್ತಿಲ್ಲ, ಯಾವುದಾದ್ರೂ ಬಾಕಿ ಬಾಕಿನೇ.

ಈಗ 18 ತೆಗೆದು ಲೆಕ್ಕ ಹಾಕಿ. 6.60ನ 212ರಿಂದ ಭಾಗಿಸಿದ್ರೆ 3.1%. ನಿಮ್ಮ ಅಪ್ಪಾಜಿಗೆ ವರ್ಷಕ್ಕೆ 69 ಸಾವಿರ ಅಲ್ಲ, 18,678 ರೂಪಾಯಿ. ಇನ್ನೊಂದು, ಇಪಿಎಸ್, ಅಂದ್ರೆ ಒಂದು ಷೇರಿಗೆ ವರ್ಷದ ಲಾಭ, ಎಷ್ಟು ತೋರಿಸ್ತಿದೆ?

ಮಂಡಕ್ಕಿ_ಮಿರ್ಚಿ, ದಾವಣಗೆರೆ

14.20.

ಪಿಬಿ_ರೋಡ್_ಲೆಕ್ಕಿಗ, ದಾವಣಗೆರೆ

ನೋಡಿ ಮತ್ತೆ. ದುಡಿದಿದ್ದು 14.20, ಹಂಚಿದ್ದು 24.60. ನೂರು ರೂಪಾಯಿ ಲಾಭಕ್ಕೆ 173 ಹಂಚಿದಂಗಾಯ್ತು. ಇದು ಪ್ರತಿ ವರ್ಷ ನಡೆಯೋ ಮಾತಾ? ಸಂಬಳ 14 ಸಾವಿರ ಇರೋನು ತಿಂಗಳಿಗೆ 24 ಸಾವಿರ ಮನೆಗೆ ಕಳಿಸ್ತಾನೆ ಅಂದ್ರೆ ಪಿಎಫ್ ಒಡೆದಿರ್ತಾನೆ ಇಲ್ಲ ಎಲ್ಲೋ ಸಾಲ ತಂದಿರ್ತಾನೆ.

ತೋಟದ_ಮನೆ, ಚನ್ನಗಿರಿ

ನಮ್ ಕಡೆ ಅಡಿಕೆ ತೋಟ ಮಾರೋರು ಇದೇ ಆಟ ಆಡ್ತಾರ್ರೀ. ಹೋದ ವರ್ಷ ಚೇಣಿಗೆ (ಫಸಲು ಗುತ್ತಿಗೆಗೆ) ಇಷ್ಟು ಲಕ್ಷಕ್ಕೆ ಹೋಯ್ತು ಅಂತ ಚೀಟಿ ತೋರಿಸ್ತಾರೆ. ಚೀಟಿ ಸುಳ್ಳಲ್ಲ. ಆದ್ರೆ ಆ ವರ್ಷ ರೇಟು ಎದ್ದಿತ್ತು ಅನ್ನೋದನ್ನ ಹೇಳಲ್ಲ, ಬೋರಲ್ಲಿ ನೀರು ಕಮ್ಮಿ ಆಗೈತೆ ಅನ್ನೋದೂ ಹೇಳಲ್ಲ, ಬದುವಿನ ಮ್ಯಾಲಿನ ಹತ್ತು ತೇಗ ಕಡ್ದು ಮಾರಿದ ದುಡ್ಡೂ ಅದ್ರೊಳಗೇ ಸೇರ್ಸಿ "ತೋಟದ ಆದಾಯ" ಅಂತಾರೆ. ತೇಗ ಒಂದ್ಸಲ ಕಡದ್ರೆ ಮುಗೀತು.

ನಾನಾದ್ರೆ ಮೂರು ವರ್ಷದ ಚೇಣಿ ಚೀಟಿ ಕೇಳ್ತೀನಿ, ಕೊಡ್ಲಿಲ್ಲ ಅಂದ್ರೆ ಆ ಕಡೆ ತಲೆ ಹಾಕಲ್ಲ. ಷೇರಲ್ಲೂ ಹಂಗೆ ಮೂರು ವರ್ಷದ್ದು ಸಿಗ್ತೈತಾ?

ಪಿಬಿ_ರೋಡ್_ಲೆಕ್ಕಿಗ, ದಾವಣಗೆರೆ

ಸಿಗುತ್ತೆ. ಐಪಿಓ (ಜನರಿಗೆ ಮೊದಲ ಸಲ ಷೇರು ಮಾರೋದು) ಟೈಮಲ್ಲಿ ಷೇರು ಪೇಟೆ ನಿಯಂತ್ರಕ ಸೆಬಿಗೆ ಕೊಟ್ಟಿರೋ ರೆಡ್ ಹೆರಿಂಗ್ ಪ್ರಾಸ್ಪೆಕ್ಟಸ್ ಅಂತ ದಪ್ಪನೆ ಪುಸ್ತಕ ಇರುತ್ತೆ, ನಾನೂರು ಐನೂರು ಪುಟ, ಪೂರ್ತಿ ಓದೋರು ಯಾರೂ ಇಲ್ಲ, ನಾನೂ ಓದಲ್ಲ. ಅದರಲ್ಲಿ "ಡಿವಿಡೆಂಡ್ ಪಾಲಿಸಿ" ಅಂತ ಒಂದು ಪುಟ ಇದ್ದೇ ಇರುತ್ತೆ, ಲಿಸ್ಟ್ ಆಗೋ ಮುಂಚಿನ ಮೂರು ವರ್ಷದಲ್ಲಿ ಎಷ್ಟೆಷ್ಟು ಕೊಟ್ಟಿದ್ದಾರೆ ಅಂತ ಟೇಬಲ್ ಹಾಕಿರ್ತಾರೆ. ಮೂರು ವರ್ಷ ಸೊನ್ನೆ ಕೊಟ್ಟು ಲಿಸ್ಟ್ ಆದ ಮೇಲೆ ಇದ್ದಕ್ಕಿದ್ದಂಗೆ ಕೈ ಬಿಚ್ಚಿದ್ರೆ ಯಾಕೆ ಅಂತ ಕೇಳಬೇಕು. ಉಲ್ಟಾನೂ ಇದೆ, ಲಿಸ್ಟ್ ಆಗೋ ಮುಂಚೆ ಪ್ರೊಮೋಟರ್‌ಗೇ (ಕಂಪನಿ ಕಟ್ಟಿದ ಮಾಲೀಕರಿಗೇ) ದೊಡ್ಡ ಡಿವಿಡೆಂಡ್ ಕೊಟ್ಕೊಂಡು ಬೊಕ್ಕಸ ಖಾಲಿ ಮಾಡಿ ಆಮೇಲೆ ಜನರ ಹತ್ರ ಬರೋದು.

ಅದೇ ಪುಸ್ತಕದಲ್ಲಿ ಐಪಿಓ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋ ಪುಟನೂ ನೋಡಿ. ಆಫರ್ ಫಾರ್ ಸೇಲ್ (ಹಳೇ ಷೇರುದಾರರು ತಮ್ಮ ಷೇರು ಮಾರೋದು) ಆಗಿದ್ರೆ ಕಂಪನಿಗೆ ಒಂದು ಪೈಸಾನೂ ಬರಲ್ಲ, ಮಾರಿದೋನ ಜೇಬಿಗೆ ಹೋಗುತ್ತೆ. ಕಂಪನಿಗೆ ಮುಂದೆ ಹೊಸ ಪ್ಲಾಂಟ್ ಕಟ್ಟೋ ಪ್ಲಾನ್ ಇದ್ರೆ ಅದಕ್ಕೆ ದುಡ್ಡು ಎಲ್ಲಿಂದ? ಸಾಲ. ಸಾಲದ ಬಡ್ಡಿ ಮೊದಲು, ನಿಮ್ಮ ಡಿವಿಡೆಂಡ್ ಕೊನೇಗೆ.

ಜೋಗಿಮಟ್ಟಿ_ಗಾಳಿ, ಚಿತ್ರದುರ್ಗ

ಅಣ್ಣಾವ್ರೆ ಒಂದು ಮಾತು ಸೇರಿಸ್ತೀನಿ, ನಾನು ವಿಂಡ್‌ಮಿಲ್ ಮೇಂಟೆನೆನ್ಸಲ್ಲಿ ಏಳು ವರ್ಷ ಕೆಲ್ಸ ಮಾಡ್ದೋನು. ಕರೆಂಟ್ ಕಂಪನಿ ಅಂದ್ರೆ ಎಲ್ಲಾ ಒಂದೇ ಅಲ್ಲ. ಇಲ್ಲಿ ಗುಡ್ಡದ ಮೇಲೆ ಜೂನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೆಂಗಿರುತ್ತೆ ಅಂದ್ರೆ ಟವರ್ ಹತ್ತೋಕೇ ಬಿಡಲ್ಲ, ಮಿಷನ್ ನಿಲ್ಲಂಗಿಲ್ಲ, ವರ್ಷದ ಉತ್ಪಾದನೆಯಲ್ಲಿ ದೊಡ್ಡ ಪಾಲು ಆ ನಾಲ್ಕು ತಿಂಗಳಲ್ಲೇ ಬರೋದು. ಚಳಿಗಾಲ ಬಂತು ಅಂದ್ರೆ ಎಷ್ಟೋ ದಿನ ರೆಕ್ಕೆ ಸುಮ್ನೆ ಆಕಾಶ ನೋಡ್ಕೊಂಡು ನಿಂತಿರ್ತವೆ. ಗಾಳಿ ಕಂಪನಿ ಸೆಪ್ಟೆಂಬರ್ ಕ್ವಾರ್ಟರ್ (ಮೂರು ತಿಂಗಳ) ರಿಸಲ್ಟ್ ತಗೊಂಡು ಇಂಟು ನಾಲ್ಕು ಅಂತ ಗುಣಿಸಿದ್ರೆ ಕೆಟ್ಟೆ. ಆ ಕ್ವಾರ್ಟರಲ್ಲಿ ಕೊಟ್ಟ ಇಂಟರಿಮ್ ಡಿವಿಡೆಂಡ್ನ ಇಂಟು ನಾಲ್ಕು ಅಂದ್ರಂತೂ ಇನ್ನೂ ಕೆಟ್ಟೆ.

ಎರಡನೇದು ಪಿಪಿಎ. ಕರೆಂಟ್ ಮಾರೋ ಒಪ್ಪಂದ, ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಇಂತಿಷ್ಟು ರೇಟು ಅಂತ ಬರ್ಕೊಂಡಿರ್ತಾರೆ. ಹಳೇ ಒಪ್ಪಂದದಲ್ಲಿ ಯೂನಿಟ್‌ಗೆ ಒಳ್ಳೇ ರೇಟಿರುತ್ತೆ, ಅದು ಮುಗಿದ ಮೇಲೆ ಹೊಸ ರೇಟಿಗೆ ಬರಬೇಕು. 2017ರ ಫೆಬ್ರುವರಿಯಲ್ಲಿ ದೇಶದ ಮೊದಲ ಗಾಳಿ ವಿದ್ಯುತ್ ಹರಾಜಲ್ಲಿ ಯೂನಿಟ್‌ಗೆ 3.46 ರೂಪಾಯಿಗೆ ಇಳೀತು, ಅದೇ ವರ್ಷ ಅಕ್ಟೋಬರಲ್ಲಿ 2.64. ನಮ್ ಸೈಟಲ್ಲಿ ಅವತ್ತು ಚಾ ಕುಡೀತಾ ಎಲ್ಲಾರೂ ಇದೇ ಮಾತು, ನಮ್ಮ ಸಂಬಳದ ಗತಿ ಏನಪ್ಪ ಅಂತ. ಅದಕ್ಕೆ ಕೇಳೋದು, ನಿಮ್ಮ ಕಂಪನಿ ಪ್ಲಾಂಟ್‌ಗಳ ಪಿಪಿಎ ಇನ್ನೆಷ್ಟು ವರ್ಷ ಉಳ್ದೈತೆ?

ಮಂಡಕ್ಕಿ_ಮಿರ್ಚಿ, ದಾವಣಗೆರೆ

ಗಾಳಿದು ಸ್ವಲ್ಪ, ಕಲ್ಲಿದ್ದಲಿಂದು ಜಾಸ್ತಿ ಅಂತ ಐತೆ ಅಣ್ಣ. ಪಿಪಿಎ ಪುಟ ಹುಡುಕ್ತೀನಿ. ಅಂಗಡೀಲಿ ಗಿರಾಕಿ ಬಂದಾರೆ ಆಮೇಲೆ ಬರ್ತೀನಿ.

ಹಳೇ_ಷೇರುದಾರ, ಹರಿಹರ

ಎಲ್ಲರೂ ಸೇರಿ ಹುಡುಗನ್ನ ಹೆದರಿಸ್ತಿದೀರಿ. ನಾನು 2007ರಲ್ಲಿ ಪವರ್ ಗ್ರಿಡ್ (ವಿದ್ಯುತ್ ಲೈನ್ ಎಳೆಯೋ ಸರ್ಕಾರಿ ಕಂಪನಿ) ಐಪಿಓ ಹಾಕಿದ್ದೆ, 52 ರೂಪಾಯಿಗೆ. ಅವತ್ತಿಂದ ಒಂದೂ ಮಾರಿಲ್ಲ. 2021ರಲ್ಲಿ ಮೂರು ಷೇರಿಗೊಂದು ಬೋನಸ್ (ಫ್ರೀ) ಷೇರು, 2023ರಲ್ಲಿ ಮತ್ತೆ ಮೂರಕ್ಕೊಂದು. ಲೆಕ್ಕ ಹಾಕಿದ್ರೆ ನನ್ನ ಅಸಲು ಒಂದು ಷೇರಿಗೆ 29 ರೂಪಾಯಿ ಕಾಲು ಬೀಳುತ್ತೆ, 2024-25ಕ್ಕೆ ಡಿವಿಡೆಂಡ್ 9 ರೂಪಾಯಿ ಕೊಟ್ರು. ಅಸಲಿನ ಮೇಲೆ ಮೂವತ್ತು ಪರ್ಸೆಂಟ್. ಯುಟಿಲಿಟಿ (ಕರೆಂಟ್ ಥರದ ಸೇವೆ) ಷೇರಂದ್ರೆ ಹಿಂಗೆ, ತಗೊಂಡು ಮರೆತುಬಿಡಬೇಕು.

ಪಿಬಿ_ರೋಡ್_ಲೆಕ್ಕಿಗ, ದಾವಣಗೆರೆ

ಹಿರಿಯರಿಗೆ ನಮಸ್ಕಾರ. ನಿಮ್ಮ ಉದಾಹರಣೆ ನನ್ನ ಮಾತಿಗೇ ಬಲ ಕೊಡುತ್ತೆ ಸರ್, ಬೇಜಾರು ಮಾಡ್ಕೋಬೇಡಿ. 2007ರಲ್ಲಿ ನೀವು ಅದನ್ನ ಯೀಲ್ಡ್ ನೋಡಿ ತಗೊಂಡ್ರಾ? ಇಲ್ಲ ತಾನೇ. ದೇಶದ ತುಂಬ ಹೊಸ ಲೈನ್ ಎಳೀತಿದ್ರು, ಆ ಥರ ಲೈನಿಗೆ ಹಾಕಿದ ಬಂಡವಾಳದಲ್ಲಿ 70 ಭಾಗ ಸಾಲ 30 ಭಾಗ ಸ್ವಂತದ್ದು ಅಂತ ಹಿಡಿದು, ಸ್ವಂತದ್ದರ ಮೇಲೆ ಇಷ್ಟು ಪರ್ಸೆಂಟ್ ಆದಾಯ ಅಂತ ಕೇಂದ್ರದ ವಿದ್ಯುತ್ ಆಯೋಗವೇ ನಿಗದಿ ಮಾಡುತ್ತೆ, ಎಷ್ಟೋ ವರ್ಷ ಅದು 15.5% ಇತ್ತು. ಲೈನ್ ಜಾಸ್ತಿ ಆದಂಗೆ ಲಾಭ ಜಾಸ್ತಿ, ಲಾಭದ ಹಿಂದೆ ಡಿವಿಡೆಂಡ್. ಅಂದ್ರೆ ಗಿಡ ನೆಟ್ಟು ಕಾಯ್ದಿರಿ, ಹದಿನೆಂಟು ವರ್ಷ. ಈ ಹುಡುಗ ನೋಡ್ತಿರೋದು ಮೊದಲನೇ ವರ್ಷವೇ 11.6 ಅನ್ನೋದನ್ನ.

ಹಳೇ_ಷೇರುದಾರ, ಹರಿಹರ

ಅದು ಒಪ್ಪತಕ್ಕ ಮಾತು. ಹಂಗೆ ನೋಡಿದ್ರೆ 2008ರ ಜನವರೀಲಿ ಆ ಭಾರೀ ಪವರ್ ಐಪಿಓ ಬಂತಲ್ಲ, ಊರೆಲ್ಲ ಡಿಮ್ಯಾಟ್ ಮಾಡಿಸಿದ್ರು, ಲಿಸ್ಟ್ ಆದ ದಿನವೇ ಬಿತ್ತು. ಕರೆಂಟ್ ಇಲ್ದೆ ಯಾರ ಮನೆ ನಡೆಯುತ್ತೆ ಅಂತ ಅವತ್ತೂ ಇದೇ ಡೈಲಾಗ್ ಹೊಡೀತಿದ್ರು.

ಶೇಂಗಾ_ಸಿಟಿ, ಚಳ್ಳಕೆರೆ

ಸೀರಿಯಸ್ಸಾಗಿ ಕೇಳ್ತೀನಿ. ಕರೆಂಟ್ ಎಲ್ಲಾರ್ಗೂ ಬೇಕು ನಿಜ, ದುಡ್ಡು ಕಟ್ಟೋರು ಯಾರು? ನಮ್ ಹೊಲದ ಮೋಟ್ರು 7.5 ಎಚ್‌ಪಿ, 10 ಎಚ್‌ಪಿವರೆಗೆ ಬಿಲ್ ಇಲ್ಲ. ಮನೆಗೆ 2023ರಿಂದ ಗೃಹಜ್ಯೋತಿ. ಬೆಸ್ಕಾಂಗೆ ನಮ್ ಪರವಾಗಿ ಸರ್ಕಾರ ಕಟ್ಬೇಕು, ಬೆಸ್ಕಾಂ ಹೋಗಿ ಕರೆಂಟ್ ಮಾಡ್ದೋರಿಗೆ ಕಟ್ಬೇಕು. ಈ ಸಾಲಲ್ಲಿ ಒಬ್ರು ಕೈ ತಡ ಮಾಡಿದ್ರೆ ಹಿಂದಿರೋರೆಲ್ಲ ಕಾಯ್ತಾ ನಿಲ್ಬೇಕು. ಆ ಹಳೇ ಬಾಕಿ ಹುಟ್ಟಿದ್ದೇ ಹಿಂಗಲ್ವಾ? ಮತ್ತೆ ಹುಟ್ಟಲ್ಲ ಅಂತ ಏನು ಗ್ಯಾರಂಟಿ?

ಜೋಗಿಮಟ್ಟಿ_ಗಾಳಿ, ಚಿತ್ರದುರ್ಗ

ಶೇಂಗಾ ಮೊದಲನೇ ಸಲ ಸರಿಯಾಗಿ ಮಾತಾಡ್ದ. ಬ್ಯಾಲೆನ್ಸ್ ಶೀಟಲ್ಲಿ ಟ್ರೇಡ್ ರಿಸೀವಬಲ್ಸ್ ಅಂತ ಒಂದು ಸಾಲಿರುತ್ತೆ, ಅದೇ ಬಾಕಿ. ವರ್ಷದ ಮಾರಾಟ ಎಷ್ಟು, ಅದರಲ್ಲಿ ಎಷ್ಟು ತಿಂಗಳದ್ದು ಬಾಕಿ ನಿಂತೈತೆ ನೋಡ್ಬೇಕು. ಲಾಭ ಅಂತ ಬರೆದಿದ್ದು ಪೇಪರಲ್ಲಿ, ಡಿವಿಡೆಂಡ್ ಕೊಡೋಕೆ ಬೇಕಾಗಿರೋದು ಕಾಸು.

ಬೆಣ್ಣೆ_ಖಾಲಿ, ದಾವಣಗೆರೆ

ಇಷ್ಟೆಲ್ಲ ತಲೆನೋವು ಯಾಕೆ, ಇನ್‌ವಿಟ್ (ಕರೆಂಟ್ ಲೈನ್ ಥರದ ಆಸ್ತಿ ಇಟ್ಕೊಂಡು ಅದರ ಆದಾಯ ಹಂಚೋ ಟ್ರಸ್ಟ್) ತಗೊಳ್ಳಿ ಅಂತ ನಮ್ ಆಫೀಸಲ್ಲಿ ಹೇಳ್ತಾರೆ. ಪವರ್ ಗ್ರಿಡ್ ಇನ್‌ವಿಟ್ 12 ಪರ್ಸೆಂಟ್ ಕೊಡುತ್ತಂತೆ. ಅದೂ ಕರೆಂಟ್ ಲೈನೇ. ನಿಜಾನಾ?

ಪಿಬಿ_ರೋಡ್_ಲೆಕ್ಕಿಗ, ದಾವಣಗೆರೆ

ಇದಕ್ಕೆ ಉದ್ದ ಉತ್ತರ ಬೇಕು, ಚಾ ತಗೊಂಡು ಕೂತ್ಕೊಳ್ಳಿ.

ಪವರ್ ಗ್ರಿಡ್ ಇನ್‌ವಿಟ್ 2021ರ ಮೇನಲ್ಲಿ ಲಿಸ್ಟ್ ಆಯ್ತು, ಐಪಿಓ ಬೆಲೆ ಯೂನಿಟ್‌ಗೆ 100. ವಿಶಾಖಪಟ್ಟಣ, ಕಾಲಾ ಅಂಬ್, ಪರ್ಲಿ, ವರೋರಾ, ಜಬಲ್ಪುರ ಅಂತ ಐದು ಟ್ರಾನ್ಸ್‌ಮಿಷನ್ ಆಸ್ತಿ ಇಟ್ಕೊಂಡು ಶುರು ಮಾಡಿದ್ರು. 2022-23, 23-24, 24-25 ಮೂರೂ ವರ್ಷ 12 ರೂಪಾಯಿ ಹಂಚಿದ್ದಾರೆ, ಮೂರು ತಿಂಗಳಿಗೆ 3 ರೂಪಾಯಿ ಥರ. ಅಷ್ಟು ಮಟ್ಟಿಗೆ ನಿಮ್ಮ ಆಫೀಸಿನವರು ಹೇಳಿದ್ದು ನಿಜ. ಸೆಬಿ ರೂಲ್ಸ್ ಪ್ರಕಾರ ಇನ್‌ವಿಟ್ ಕೈಗೆ ಬಂದ ಹಂಚಬಹುದಾದ ಕಾಸಲ್ಲಿ ಕಮ್ಮಿ ಅಂದ್ರೂ 90% ಹಂಚಲೇಬೇಕು, ಮತ್ತೆ ಲೈನಿನ ಆದಾಯ ಎಷ್ಟು ಯೂನಿಟ್ ಹರೀತು ಅನ್ನೋದರ ಮೇಲಲ್ಲ, ಲೈನ್ ಎಷ್ಟು ಹೊತ್ತು ಸಿದ್ಧವಾಗಿತ್ತು ಅನ್ನೋದರ ಮೇಲೆ ಬರೋದು. ಗಾಳಿ ಬರಲಿ ಬಿಡಲಿ. ಅದು ಒಳ್ಳೆ ಗುಣ.

ಆದ್ರೆ ಆ 12 ರೂಪಾಯಿ ಒಂದೇ ಜಾತಿ ದುಡ್ಡಲ್ಲ. ಸ್ವಲ್ಪ ಬಡ್ಡಿ, ಸ್ವಲ್ಪ ಡಿವಿಡೆಂಡ್, ಇನ್ನು ಸ್ವಲ್ಪ ಸಾಲದ ಅಸಲು ಮರುಪಾವತಿ, ಅಂದ್ರೆ ನೀವು ಹಾಕಿದ ದುಡ್ಡೇ ತಿರುಗಿ ನಿಮ್ಮ ಕೈಗೆ. ಅಸಲಿನ ಭಾಗನ ಯೀಲ್ಡ್ ಅನ್ನೋದು ಬಾಡಿಗೆದಾರ ಕೊಟ್ಟ ಅಡ್ವಾನ್ಸ್‌ನ ಬಾಡಿಗೆ ಅಂತ ಖರ್ಚು ಮಾಡಿದಂಗೆ. ಲೈನ್ ಒಪ್ಪಂದ 35 ವರ್ಷದ್ದು, ಅದರಲ್ಲಿ ಒಂದಷ್ಟು ವರ್ಷ ಈಗಾಗಲೇ ಕಳೆದಿದೆ. ಯೂನಿಟ್ ಬೆಲೆ ಐಪಿಓ ಆದ್ಮೇಲೆ ನೂರರ ಮೇಲೆ ಚೆನ್ನಾಗಿ ಹೋಗಿ, 2024ಕ್ಕೆ ನೂರರ ಕೆಳಗೆ ಬಂತು. ಕೈಗೆ 12 ಬರ್ತಾನೇ ಇತ್ತು, ಅಸಲು ಕರಗ್ತಾನೂ ಇತ್ತು.

ಚನ್ನಗಿರಿಯವರಿಗೆ ಅರ್ಥ ಆಗೋ ಥರ ಹೇಳ್ತೀನಿ. ಯಾವ ಕಂಪನಿದೂ ಅಲ್ಲ, ಬರೀ ಲೆಕ್ಕ. ಒಂದು ತೋಟ ಗುತ್ತಿಗೆಗೆ ತಗೊಂಡ್ರಿ, 100 ರೂಪಾಯಿ ಕೊಟ್ಟು, ವರ್ಷಕ್ಕೆ 12 ಬರುತ್ತೆ, ಗುತ್ತಿಗೆ ಮುಗಿದ ದಿನ ತೋಟ ವಾಪಸ್, ಕೈಗೆ ಸೊನ್ನೆ. ಗುತ್ತಿಗೆ 15 ವರ್ಷದ್ದಾದ್ರೆ ನಿಜವಾದ ಆದಾಯ ಸುಮಾರು 8.4%. ಹತ್ತೇ ವರ್ಷದ್ದಾದ್ರೆ? ಬರೀ ಮೂರೂವರೆ! ಎರಡೂ ಕಡೆ ಬೋರ್ಡಲ್ಲಿ 12% ಅಂತಾನೇ ಬರೆದಿರ್ತಾರೆ.

ತೋಟದ_ಮನೆ, ಚನ್ನಗಿರಿ

ಹತ್ತು ವರ್ಷಕ್ಕೆ ಮೂರೂವರೆನಾ? ತಡೀರಿ ಮಗಳ ಹತ್ರ ಎಕ್ಸೆಲ್‌ನಲ್ಲಿ ಹಾಕಿಸ್ತೀನಿ.

ತೋಟದ_ಮನೆ, ಚನ್ನಗಿರಿ

ಹಾಕಿಸ್ದೆ. ಸರಿ ಐತ್ರಿ. 120 ಬಂದು 100 ಹೋಯ್ತು, ಹತ್ತು ವರ್ಷಕ್ಕೆ 20 ಲಾಭ, ಅಷ್ಟೆಯಾ. ನಮ್ ಭಾವ ಇಂಥದ್ದೇ ಒಂದ್ರಲ್ಲಿ 4 ಲಕ್ಷ ಹಾಕ್ಯಾನೆ, ಅವ್ನಿಗೆ ಈ ರಾತ್ರಿ ನಿದ್ದೆ ಬರಲ್ಲ.

ಬೆಣ್ಣೆ_ಖಾಲಿ, ದಾವಣಗೆರೆ

ಹಂಗಾದ್ರೆ ಇನ್‌ವಿಟ್ ಕೆಟ್ಟದು ಅಂತೀರಾ

ಪಿಬಿ_ರೋಡ್_ಲೆಕ್ಕಿಗ, ದಾವಣಗೆರೆ

ಅಲ್ವೇ ಅಲ್ಲ. ಹೊಸ ಆಸ್ತಿ ಕೊಂಡು ಸೇರಿಸ್ತಾ ಹೋದ್ರೆ ಆಯಸ್ಸು ಬೆಳೆಯುತ್ತೆ, ಸರಿಯಾದ ಬೆಲೆಗೆ ತಗೊಂಡ್ರೆ ನಾನೂ ಇಟ್ಕೊಂಡಿದೀನಿ. ಅದನ್ನ ಎಫ್‌ಡಿ ಜೊತೆ ಹೋಲಿಸಬೇಡಿ ಅಂದಿದ್ದು. ಎಫ್‌ಡಿ ಮುಗಿದಾಗ ಅಸಲು ಪೂರ್ತಿ ನಿಮ್ಮ ಕೈಲಿ.

ಜೋಗಿಮಟ್ಟಿ_ಗಾಳಿ, ಚಿತ್ರದುರ್ಗ

ಮಂಡಕ್ಕಿ ಅಣ್ಣ, ಲಿಸ್ಟ್ ಆಗಿ ಐದು ತಿಂಗಳು ಅಂದ್ಯಲ್ಲ, ಇನ್ನೊಂದು ನೋಡ್ಕೊ. ಆಂಕರ್ ಇನ್ವೆಸ್ಟರ್ ಅಂತ ಐಪಿಓಗೆ ಮೊದಲೇ ದುಡ್ಡು ಹಾಕೋ ದೊಡ್ಡೋರು ಇರ್ತಾರೆ, ಅವ್ರ ಅರ್ಧ ಷೇರು 30 ದಿನಕ್ಕೆ, ಉಳ್ದರ್ಧ 90 ದಿನಕ್ಕೆ ಬಿಡುಗಡೆ, ಅದು ಮುಗಿದೈತೆ. ಐಪಿಓಗಿಂತ ಮುಂಚೆನೇ ಷೇರು ಇಟ್ಕೊಂಡಿದ್ದ ಪ್ರೊಮೋಟರ್ ಅಲ್ಲದೋರ ಲಾಕ್-ಇನ್ (ಮಾರಂಗಿಲ್ಲ ಅನ್ನೋ ಅವಧಿ) ಸಾಮಾನ್ಯ ಆರು ತಿಂಗಳು. ಅಂದ್ರೆ ಬರೋ ತಿಂಗಳು. ಅವ್ರು ಮಾರೋಕೆ ಶುರು ಮಾಡಿದ್ರೆ ರೇಟು ಇಳಿಬೋದು, ಇಳೀದೇನೂ ಇರಬೋದು, ಆದ್ರೆ 6 ಲಕ್ಷನೂ ಈ ವಾರವೇ ಸುರಿಯೋ ಅರ್ಜೆಂಟ್ ಏನೈತೆ?

ಹಳೇ_ಷೇರುದಾರ, ಹರಿಹರ

ಆ ಕಂಪನಿ ಸರ್ಕಾರದ್ದೋ ಖಾಸಗಿದೋ? ಕೇಂದ್ರ ಸರ್ಕಾರದ್ದಾದ್ರೆ ಲಾಭದ 30% ಇಲ್ಲ ನೆಟ್‌ವರ್ತ್‌ನ (ಸಾಲ ಕಳೆದು ಉಳಿಯೋ ಸ್ವಂತ ಆಸ್ತಿಯ) 4%, ಯಾವುದು ಜಾಸ್ತಿಯೋ ಅಷ್ಟು ಡಿವಿಡೆಂಡ್ ಕೊಡಬೇಕು ಅಂತ 2024ರ ನವೆಂಬರ್‌ನಲ್ಲಿ ಹೊಸ ಗೈಡ್‌ಲೈನ್ ಬಂದಿದೆ. ಬಜೆಟ್ ಹತ್ರ ಬಂದಾಗ ಸರ್ಕಾರಕ್ಕೂ ದುಡ್ಡು ಬೇಕಲ್ಲ. 2014ರ ಜನವರೀಲಿ ಕೋಲ್ ಇಂಡಿಯಾ 29 ರೂಪಾಯಿ ಕೊಟ್ಟಾಗ ನಮಗೆಲ್ಲ ಹಬ್ಬ, ಆದ್ರೆ ಅದರಲ್ಲಿ 90 ಭಾಗ ಹೋಗಿದ್ದು ದೆಹಲಿಗೆ.

ಮಂಡಕ್ಕಿ_ಮಿರ್ಚಿ, ದಾವಣಗೆರೆ

ಬಂದೆ ಬಂದೆ. ಖಾಸಗಿದು ಸರ್. ಪ್ರಾಸ್ಪೆಕ್ಟಸ್ ತೆಗ್ದೆ, ನೆಟ್ ಪ್ಯಾಕ್ ಖಾಲಿ ಆಗೋಯ್ತು. ಡಿವಿಡೆಂಡ್ ಪುಟದಲ್ಲಿ ಮೂರು ವರ್ಷದ್ದು ಐತೆ: 5, 5.50, ಆಮೇಲೆ ಸೊನ್ನೆ. ಸೊನ್ನೆ ವರ್ಷ ಯಾಕೆ ಅಂತ ಬರ್ದಿಲ್ಲ. ಪಿಪಿಎ ಟೇಬಲ್ ನೋಡ್ದೆ, ದೊಡ್ಡ ಪ್ಲಾಂಟಿಂದು ಇನ್ನು ಒಂಬತ್ತು ವರ್ಷ. ಐಪಿಓದಲ್ಲಿ ಮುಕ್ಕಾಲು ಪಾಲು ಆಫರ್ ಫಾರ್ ಸೇಲ್.

ರಾತ್ರಿ ಊಟಕ್ಕೆ ಕೂತಾಗ ಅಪ್ಪಾಜಿಗೆ ಎಲ್ಲಾ ಓದಿ ಹೇಳ್ದೆ. 18 ರೂಪಾಯಿ ಕಥೆ ಕೇಳಿ "ಹಂಗಾದ್ರೆ ನನ್ನ ಪೆನ್ಷನ್ ಅರಿಯರ್ಸ್ ಬಂದ ತಿಂಗಳು ನೋಡಿ ನಂಗೆ ಹೆಣ್ಣು ಕೊಟ್ಟಂಗಾಯ್ತು" ಅಂದ್ರು. ಅಮ್ಮ ಸಾರಿನ ಸೌಟು ಹಿಡ್ಕೊಂಡೇ ಗುರಾಯಿಸಿದ್ರು.

ಪಿಬಿ_ರೋಡ್_ಲೆಕ್ಕಿಗ, ದಾವಣಗೆರೆ

😂 ನಿಮ್ಮಪ್ಪಾಜಿ ನಮಗಿಂತ ಚೆನ್ನಾಗಿ ಹೇಳಿದ್ರು.

ಅವರಿಗೆ 60 ತುಂಬಿದೆ ಅಂದ್ರಲ್ಲ, ಪೋಸ್ಟಾಫೀಸಲ್ಲಿ ಸೀನಿಯರ್ ಸಿಟಿಜನ್ ಸ್ಕೀಮ್ ಕೇಳಿದ್ರಾ? 2023ರ ಏಪ್ರಿಲ್‌ನಿಂದ 8.2% ನಡೀತಿದೆ, ಐದು ವರ್ಷಕ್ಕೆ, ಮೂರು ತಿಂಗಳಿಗೊಮ್ಮೆ ಬಡ್ಡಿ. 6 ಲಕ್ಷಕ್ಕೆ ಮೂರು ತಿಂಗಳಿಗೆ 12,300. ಒಬ್ಬರು 30 ಲಕ್ಷದವರೆಗೆ ಇಡಬಹುದು. ಹಾಕೋ ದಿನ ಯಾವ ರೇಟಿದೆಯೋ ಅದೇ ಐದು ವರ್ಷಕ್ಕೆ ಫಿಕ್ಸ್.

ಹಳೇ_ಷೇರುದಾರ, ಹರಿಹರ

ಆದ್ರೆ ಆ 12,300 ಐದು ವರ್ಷವೂ 12,300ಯೇ. ಬೆಲೆ ಏರೋದಕ್ಕೆ ಅದು ಏರಲ್ಲ. ಸ್ವಲ್ಪನಾದ್ರೂ ಬೆಳೆಯೋ ಕಡೆ ಇಡಿ.

ಮಂಡಕ್ಕಿ_ಮಿರ್ಚಿ, ದಾವಣಗೆರೆ

ಹಂಗೇ ಮಾತಾಡ್ಕೊಂಡ್ವಿ ಸರ್. ಐದೂವರೆ ಲಕ್ಷ ಪೋಸ್ಟಾಫೀಸು. ಉಳ್ದ 50 ಸಾವಿರ ನನ್ ಹತ್ರ ಕೊಟ್ಟಾರೆ, ಈ ಕಂಪನೀನ ಮುಂದಿನ ಎರಡು ಕ್ವಾರ್ಟರ್ ಬಾಕಿ ಎಷ್ಟು ನಿಲ್ತೈತೆ ನೋಡ್ಕೊಂಡು ಆಮೇಲೆ ಯೋಚ್ನೆ ಮಾಡ್ತೀನಿ. ಇನ್ನೊಂದ್ ಡೌಟು, ಮುಂದೆ ತಗೊಂಡ್ರೆ ಡಿವಿಡೆಂಡ್‌ಗೆ ಟಿಡಿಎಸ್ (ಮುಂಚೇನೇ ಕತ್ತರಿಸೋ ತೆರಿಗೆ) ಹಿಡೀತಾರಂತಲ್ಲ, ಹಿಡೀಬೇಡಿ ಅಂತ ಬ್ಯಾಂಕಿಗೆ ಫಾರಂ ಕೊಡ್ಬೇಕಾ?

ಪಿಬಿ_ರೋಡ್_ಲೆಕ್ಕಿಗ, ದಾವಣಗೆರೆ

ಬ್ಯಾಂಕಿಗಲ್ಲ, ಆ ಕಂಪನಿಯ ಷೇರುದಾರರ ಲೆಕ್ಕ ಇಡೋ ರಿಜಿಸ್ಟ್ರಾರ್‌ಗೆ, ಆನ್‌ಲೈನಲ್ಲೇ ಹಾಕಬಹುದು. ಒಂದು ಕಂಪನಿಯಿಂದ ವರ್ಷಕ್ಕೆ 10,000 ದಾಟಿದ್ರೆ ಮಾತ್ರ 10% ಹಿಡಿಯೋದು, ಮುಂಚೆ 5,000 ಇತ್ತು, 2025ರ ಏಪ್ರಿಲ್‌ನಿಂದ ಜಾಸ್ತಿ ಆಯ್ತು. 50 ಸಾವಿರದ ಷೇರಿಗೆ ಆ ಮಟ್ಟ ಮುಟ್ಟಲ್ಲ ಬಿಡಿ. ಪ್ಯಾನ್ ಮಾತ್ರ ಡಿಮ್ಯಾಟ್‌ಗೆ ಸರಿಯಾಗಿ ಲಿಂಕ್ ಆಗಿದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ 20% ಕತ್ತರಿ.

ಶೇಂಗಾ_ಸಿಟಿ, ಚಳ್ಳಕೆರೆ

ಚನ್ನಗಿರಿ ಅಣ್ಣ, ಭಾವನ ಕಥೆ ಏನಾಯ್ತು?

ತೋಟದ_ಮನೆ, ಚನ್ನಗಿರಿ

ಫೋನ್ ಎತ್ತುತ್ತಿಲ್ಲ.